ಚಿಪ್ ಹೋಗಿದೆ ಅನ್ನುವ ಮೊದಲು ವೈರು ನೋಡಿ

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಒಂದು ಕಾಲಕ್ಕೆ ಎಲ್ಲ ರೋಗಕ್ಕೂ ಒಂದೇ ಹೆಸರಿತ್ತು: ಸಿಡಿಐ ಹೋಗಿದೆ. ಬೈಕು ಸ್ಟಾರ್ಟ್ ಆಗದಿದ್ದರೂ ಸಿಡಿಐ, ಮಿಸ್ ಹೊಡೆದರೂ ಸಿಡಿಐ. ಈಗ ಆ ಜಾಗಕ್ಕೆ "ಇಸಿಎಂ ಹೋಗಿದೆ" ಬಂದು ಕೂತಿದೆ. ಕೆಲವರು ಇಸಿಯು ಅನ್ನುತ್ತಾರೆ, ಹೆಚ್ಚಿನವರು ಬರೀ ಚಿಪ್ ಅನ್ನುತ್ತಾರೆ. ಸಿಡಿಐ ಬದಲಿಸುವುದು ಒಂದು ದಿನದ ಕೂಲಿಯಲ್ಲಿ ಮುಗಿಯುವ ಮಾತಾಗಿತ್ತು. ಇಸಿಎಂ ಹಾಗಲ್ಲ. ಹನ್ನೆರಡು ಹದಿಮೂರು ವರ್ಷ ಹಳೆಯ ಗಾಡಿಗೆ ಅದರ ಬೆಲೆ ಕೇಳಿದವರು ಬೈಕನ್ನೇ ಗುಜರಿಗೆ ಹಾಕೋಣ ಅಂತ ಯೋಚಿಸುತ್ತಾರೆ. ಗುಜರಿಗೆ ಹಾಕಲು ಮನಸ್ಸು ಬಾರದವರ ಮನೆಯಲ್ಲಿ ಅದು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿರುತ್ತದೆ.

ನಾವು ಎಂಜಿನಿಯರುಗಳಲ್ಲ, ಮೆಕ್ಯಾನಿಕ್ಕುಗಳೂ ಅಲ್ಲ. ಪತ್ರಿಕೋದ್ಯಮ ಓದಿ ತಾಲೂಕು, ಹೋಬಳಿ ಅಂತ ಸುತ್ತಿ ಬರೆಯುವವರಿಗೆ ಬೈಕೇ ಕಚೇರಿ, ಅದೂ ಹೆಚ್ಚಿನದು ಸೆಕೆಂಡ್ ಹ್ಯಾಂಡ್. ಹಾಗಾಗಿ ಗ್ಯಾರೇಜಿನ ಮುಂದಿನ ಬೆಂಚಿನಲ್ಲಿ ನಾವು ಕಳೆದ ಗಂಟೆಗಳು ಕಡಿಮೆಯೇನಲ್ಲ. ಅಲ್ಲಿ ಕಂಡು, ಕೇಳಿ, ಆಮೇಲೆ ಓದಿ ತಿಳಿದುಕೊಂಡ ಮೇಲೆ ನಮಗೆ ಅನ್ನಿಸಿರುವುದು ಇಷ್ಟು. ಡಬ್ಬಿ ಬದಲಿಸುವುದು ದೋಷ ಹುಡುಕುವ ದಾರಿಯಲ್ಲ. ಬೇರೆಲ್ಲ ನೋಡಿ ಮುಗಿದ ಮೇಲೆ ಮಾಡಬೇಕಾದ ಕೊನೆಯ ಕೆಲಸ ಅದು. ಅದೇ ಮೊದಲ ಕೆಲಸವಾಗಿಬಿಟ್ಟಿದ್ದರೆ ತಪ್ಪು ಹಳ್ಳಿ ಮೆಕ್ಯಾನಿಕ್ಕಿನದಲ್ಲ. ಅವನಿಗೆ ಬೇಕಾದ ಮಾಹಿತಿಗೆ ಕಂಪನಿಗಳು ಬೀಗ ಹಾಕಿ ಕೂತಿವೆ.

ನಮ್ಮ ದೇಶದಲ್ಲಿ ಫ್ಯೂಯೆಲ್ ಇಂಜೆಕ್ಷನ್ ಬೈಕು ಬಂದು ತುಂಬಾ ಕಾಲವೇನೂ ಆಗಿಲ್ಲ. 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಬಂತು. 2007ರಲ್ಲಿ ಪಲ್ಸರ್ 220 ಡಿಟಿಎಸ್-ಎಫ್‌ಐ, 2008ರಲ್ಲಿ ಯಮಹಾ ಆರ್15, 2009ರಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500. ಪಲ್ಸರ್ 220 ಎರಡೇ ವರ್ಷಕ್ಕೆ ಕಾರ್ಬ್ಯುರೇಟರಿಗೆ ವಾಪಸ್ಸಾಯಿತು. ನಮ್ಮ ರಸ್ತೆ, ನಮ್ಮ ಗ್ಯಾರೇಜು ಎರಡಕ್ಕೂ ಕಾರ್ಬ್ಯುರೇಟರೇ ಸರಿ ಅಂತ ಆಗ ಎಲ್ಲರೂ ಅಂದುಕೊಂಡಿದ್ದರು. 2020ರ ಏಪ್ರಿಲ್ 1ರಿಂದ ಬಿಎಸ್-6 ಕಡ್ಡಾಯವಾದ ಮೇಲೆ ಆ ಮಾತಿಗೆ ಅರ್ಥ ಉಳಿಯಲಿಲ್ಲ. ಈಗ ಹೊಸದಾಗಿ ಬರುವ ಪೆಟ್ರೋಲ್ ಬೈಕುಗಳಲ್ಲಿ ಬಹುತೇಕ ಎಲ್ಲವೂ ಎಫ್‌ಐ. ಆದರೆ ನಾವು ಹೇಳುತ್ತಿರುವುದು ಹೊಸ ಗಾಡಿಯ ಕಥೆಯಲ್ಲ. ಆ ಮೊದಲ ತಲೆಮಾರಿನ ಎಫ್‌ಐ ಬೈಕುಗಳು ಪೇಟೆಯ ಮಾಲೀಕರ ಕೈ ದಾಟಿ, ಡೀಲರ್ ಕೈ ದಾಟಿ, ಈಗ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುತ್ತಿವೆ. ಅವುಗಳ ಇಸಿಎಂ ಬಗ್ಗೆ ನಮ್ಮ ಮಾತು.

ಚಿಪ್ ಬದಲಾಯಿಸುವುದು ಅನ್ನುವ ಮಾತು ಅಕ್ಷರಶಃ ನಿಜವಾಗಿದ್ದ ಕಾಲವೊಂದಿತ್ತು, ಇಲ್ಲಲ್ಲ, ಇಟಲಿಯಲ್ಲಿ. 1980ರ ದಶಕದ ಕೊನೆಯಲ್ಲಿ ಬಂದ ಡುಕಾಟಿ 851, 1994ರಲ್ಲಿ ಬಂದ 916, ಇವುಗಳಲ್ಲಿ ವೆಬರ್-ಮರೆಲ್ಲಿ ಕಂಪನಿಯ ಇಂಜೆಕ್ಷನ್ ಇತ್ತು. ಆ ಡಬ್ಬಿಯ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರೆ ಒಳಗೆ ಸಾಕೆಟ್ಟಿನಲ್ಲಿ ಕೂತ 28 ಕಾಲಿನ ಒಂದು ಚಿಪ್ ಕಾಣುತ್ತಿತ್ತು. ಅದರ ಹೆಸರು ಇಪ್ರಾಮ್. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಥ್ರಾಟಲ್ ಎಷ್ಟು ತೆರೆದಿದೆ ಅನ್ನುವ ಎರಡು ಲೆಕ್ಕ ಹಿಡಿದು ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವ ಪಟ್ಟಿ ಅದರಲ್ಲಿರುತ್ತಿತ್ತು. ಗಾಳಿಯ ಮತ್ತು ಎಂಜಿನ್ನಿನ ಬಿಸಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ, ಅಷ್ಟೇ. ಹೊಗೆಯನ್ನು ಮೂಸಿ ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುವ ಆಕ್ಸಿಜನ್ ಸೆನ್ಸರ್ ಅವುಗಳಲ್ಲಿರಲಿಲ್ಲ. ಹಾಗಾಗಿ ಸೈಲೆನ್ಸರ್ ಬದಲಿಸಿದವರು ಚಿಪ್ ಕೂಡ ಬದಲಿಸುತ್ತಿದ್ದರು. ಹಳೆಯದನ್ನು ಕಿತ್ತು ಹೊಸ ಪಟ್ಟಿ ಬರೆದ ಚಿಪ್ ಕೂರಿಸಿದರೆ ಕೆಲಸ ಮುಗಿಯಿತು.

ಮುಗಿಯುತ್ತಿರಲಿಲ್ಲ ಅನ್ನುವುದೇ ನಿಜವಾದ ಪಾಠ. ಚಿಪ್ಪಿನ ಒಂದು ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ, ಅದನ್ನು ನೋಡದೆ ತಿರುಗಿಸಿ ಕೂರಿಸಿದರೆ ಕೀ ಹಾಕಿದ ಕೂಡಲೇ ಚಿಪ್ ಸುಡಬಹುದು. ಇಪ್ಪತ್ತೆಂಟು ಕಾಲಿನಲ್ಲಿ ಒಂದು ಮಡಚಿಕೊಂಡು ಸಾಕೆಟ್ಟಿನ ಹೊರಗುಳಿದರೂ ಬೈಕು ಹುಚ್ಚಾಟ ಆಡುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ ದೋಷಗಳು. ಕಾಣದ್ದು ಥ್ರಾಟಲ್ ಸೆನ್ಸರಿನ ಹೊಂದಾಣಿಕೆ. ಬಟರ್‌ಫ್ಲೈ ಪೂರ್ತಿ ಮುಚ್ಚಿದಾಗ ಆ ಸೆನ್ಸರ್ ಸುಮಾರು 150 ಮಿಲಿವೋಲ್ಟ್ ತೋರಿಸಬೇಕು ಅನ್ನುವುದು ಆ ಕಾಲದ ಹಲವು ಇಟಾಲಿಯನ್ ಬೈಕುಗಳ ಲೆಕ್ಕ. ಅದು ಹೆಚ್ಚುಕಡಿಮೆಯಾದರೆ ಇಡೀ ಪಟ್ಟಿಯನ್ನು ತಪ್ಪು ಸಾಲಿನಿಂದ ಓದಿದಂತೆ. ಚಿಪ್ ಹೊಸದು, ಸರಿಯಾದದ್ದೇ, ಆದರೂ ಬೈಕು ಮುಗ್ಗರಿಸುತ್ತದೆ. ಮಾಲೀಕ ಚಿಪ್ ಮಾಡಿದವನನ್ನು ಬೈಯುತ್ತಾನೆ. ಇನ್‌ಟೇಕ್ ರಬ್ಬರ್ ಬಿರಿದು ಗಾಳಿ ನುಗ್ಗುತ್ತಿದ್ದರೂ ಬೈಗುಳ ಚಿಪ್ಪಿಗೇ.

ಆದರೆ ಆ ಬೈಕಿನವರ ಕೈಯಲ್ಲಿ ಒಂದು ಅಸ್ತ್ರ ಇತ್ತು. ಹಳೆಯ ಚಿಪ್ ಅವರ ಡ್ರಾಯರಿನಲ್ಲೇ ಇರುತ್ತಿತ್ತು. ಅದನ್ನು ವಾಪಸ್ ಹಾಕಿ ನೋಡಿದರಾಯಿತು. ದೋಷ ಹೋದರೆ ಹೊಸ ಚಿಪ್ ಅಪರಾಧಿ, ಹೋಗದಿದ್ದರೆ ಚಿಪ್ಪಿನ ಮೇಲಿನ ಕೇಸು ಖುಲಾಸೆ, ಬೇರೆ ಕಡೆ ಹುಡುಕು. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ. ಹಿಂದಕ್ಕೆ ಹೋಗಲು ದಾರಿ ಇದ್ದದ್ದರಿಂದಲೇ ಅಲ್ಲಿ ದೋಷ ಹುಡುಕುವ ವಿದ್ಯೆ ಬೆಳೆಯಿತು ಅನ್ನುವುದು ನಮ್ಮ ಅಂದಾಜು.

ನಮ್ಮ ಬೈಕುಗಳಲ್ಲಿ ಆ ದಾರಿ ಇಲ್ಲ. ಇಸಿಎಂ ಡಬ್ಬಿ ಬಿಚ್ಚಿದರೆ ಹೆಚ್ಚಿನವುಗಳಲ್ಲಿ ಒಳಗೆಲ್ಲ ರಾಳದಂಥ ವಸ್ತು ಸುರಿದು ಗಟ್ಟಿ ಮಾಡಿರುತ್ತಾರೆ. ನೀರು, ಅದುರು ತಡೆಯಲು ಅದು ಬೇಕು, ಒಪ್ಪುತ್ತೇವೆ. ಆದರೆ ಹಾಗಾದಾಗ ಚಿಪ್ ಬದಲಿಸುವುದು ಅಂದರೆ ಇಡೀ ಡಬ್ಬಿ ಬದಲಿಸುವುದು. ಹೊಸದು ದುಬಾರಿ, ಹಳೆ ಮಾಡೆಲ್ ಆದರೆ ಆರ್ಡರ್ ಹಾಕಿ ಕಾಯಬೇಕು. ಕಾಯಲಾರದವರು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ ಜೆ.ಸಿ. ರಸ್ತೆಯಲ್ಲೋ ಹುಡುಕಿಸುತ್ತಾರೆ. ಅಲ್ಲಿ ಸಿಗುವ ಡಬ್ಬಿಯ ಆಕಾರ ಒಂದೇ, ಕನೆಕ್ಟರ್ ಒಂದೇ, ಆದರೆ ಲೇಬಲ್ಲಿನ ಪಾರ್ಟ್ ನಂಬರಿನ ಕೊನೆಯ ಅಕ್ಷರ ಬೇರೆ ಇದ್ದರೆ ಒಳಗಿನ ಪಟ್ಟಿಯೂ ಬೇರೆ ಇರಬಹುದು. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಮೈಲೇಜ್ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ. ಇದಕ್ಕೆ ಮತ್ತೊಂದು ಸುತ್ತು ರಿಪೇರಿ.

ಇದರಲ್ಲಿ ಒಂದು ವಿಚಿತ್ರವಿದೆ, ನಾವು ಈ ಬರಹ ಬರೆಯಲು ಕೂತದ್ದೇ ಅದಕ್ಕೆ. ಡಬ್ಬಿ ಬದಲಿಸಿದಾಗ ಎಷ್ಟೋ ಸಲ ಬೈಕು ನಿಜಕ್ಕೂ ಸರಿಯಾಗುತ್ತದೆ! ಕಾರಣ ಡಬ್ಬಿಯಲ್ಲ, ಕನೆಕ್ಟರು. ಹತ್ತು ಮಳೆಗಾಲ ಕಂಡ ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಸಾಕೆಟ್ ಎಳೆದು ಮತ್ತೆ ಚುಚ್ಚಿದಾಗ ಪಿನ್ ಉಜ್ಜಿಕೊಂಡು ಸ್ವಲ್ಪ ಚೊಕ್ಕಟವಾಗುತ್ತದೆ, ಕರೆಂಟು ಹರಿಯುತ್ತದೆ. ಎಲ್ಲರೂ ಹೊಸ ಇಸಿಎಂ ಕೆಲಸ ಮಾಡಿತು ಅಂದುಕೊಳ್ಳುತ್ತಾರೆ. ಒಂದು ತಿಂಗಳಿಗೋ ಒಂದು ಮಳೆಗೋ ಅದೇ ಕಾಯಿಲೆ ವಾಪಸ್. ಅಷ್ಟರಲ್ಲಿ ಹಳೆಯ ಡಬ್ಬಿ ಅಂಗಡಿಯಲ್ಲೇ ಉಳಿದು ಎಲ್ಲೋ ಹೋಗಿರುತ್ತದೆ, ಅದನ್ನು ಹಾಕಿ ಪರೀಕ್ಷಿಸೋಣ ಅಂದರೂ ಇಲ್ಲ. ಆದ್ದರಿಂದ ಬೇರೇನು ಮರೆತರೂ ಇದನ್ನು ಮರೆಯಬೇಡಿ: ಹಳೆಯ ಇಸಿಎಂ ವಾಪಸ್ ಕೇಳಿ ತನ್ನಿ. ಅದು ನಿಮ್ಮ ವಸ್ತು. ಹೊಸದು ಹಾಕಿ ಗಾಡಿ ಸರಿಯಾದ ದಿನವೇ ಹಳೆಯದನ್ನು ಒಮ್ಮೆ ವಾಪಸ್ ಚುಚ್ಚಿ ನೋಡಲು ಹೇಳಿ. ಹಳೆಯದರಲ್ಲೂ ಓಡಿದರೆ ನಿಮ್ಮ ದುಡ್ಡು ಉಳಿಯಿತು.

ನಮ್ಮ ಬಳಗದ ಒಬ್ಬರ ಮನೆಯ ಬೈಕಿನ ವಿಷಯವನ್ನು ಇಲ್ಲಿ ಹೇಳಬೇಕು. ಮಲೆನಾಡಿನ ಊರು, ಗಾಡಿ ಬಿಸಿಯಾದ ಮೇಲೆ ಏರಿನಲ್ಲಿ ಪಟ್ಟನೆ ನಿಲ್ಲುತ್ತಿತ್ತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಪೇಟೆಯ ಸರ್ವಿಸ್ ಸೆಂಟರಿನಲ್ಲಿ ಇಸಿಎಂ ಬದಲಿಸಬೇಕು ಅಂತ ಎಸ್ಟಿಮೇಟ್ ಬರೆದುಕೊಟ್ಟರು. ಮೊತ್ತ ನೋಡಿ ಮನೆಯವರು ಗಾಡಿಯನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಊರಿಗೆ ತಂದರು. ಊರಿನ ಮೆಕ್ಯಾನಿಕ್ ಹತ್ತಿರ ಇದ್ದದ್ದು ಒಂದು ಮಲ್ಟಿಮೀಟರ್. "ಅಣ್ಣಾ, ಡಬ್ಬಿ ಬಗ್ಗೆ ನಂಗೆ ಗೊತ್ತಿಲ್ಲ, ಡಬ್ಬಿಗೆ ಊಟ ಸರಿಯಾಗಿ ಹೋಗ್ತಿದೆಯಾ ನೋಡ್ತೀನಿ" ಅಂದರು. ಎಂಜಿನ್ ಓಡುವಾಗ ಬ್ಯಾಟರಿಯ ಮೈನಸ್ಸಿಗೂ ಇಸಿಎಂನ ಅರ್ತ್ ವೈರಿಗೂ ನಡುವೆ ಮೀಟರ್ ಇಟ್ಟರು. ಬಹುತೇಕ ಸೊನ್ನೆ ತೋರಿಸಬೇಕಾದ ಜಾಗದಲ್ಲಿ ಮುಕ್ಕಾಲು ವೋಲ್ಟ್ ತೋರಿಸಿತು. ಟ್ಯಾಂಕ್ ಎತ್ತಿದರೆ ಫ್ರೇಮಿಗೆ ಅರ್ತ್ ಕಟ್ಟಿದ್ದ ಬೋಲ್ಟ್ ತುಕ್ಕು ಹಿಡಿದಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರು. ಆ ಗಾಡಿ ಇನ್ನೂ ಓಡುತ್ತಿದೆ, ಹಳೇ ಇಸಿಎಂನಲ್ಲೇ.

ಆ ಮೆಕ್ಯಾನಿಕ್ ಹೇಳಿದ "ಊಟ" ಅನ್ನುವ ಮಾತಿನಲ್ಲಿ ಇಡೀ ಕ್ರಮ ಇದೆ. ಕೀ ಆನ್ ಮಾಡಿದ ಕೂಡಲೇ ಎಫ್‌ಐ ದೀಪ ಹತ್ತಬೇಕು, ಟ್ಯಾಂಕಿನಲ್ಲಿ ಪಂಪು ಎರಡು ಮೂರು ಸೆಕೆಂಡ್ ಗುಂಯ್ ಅನ್ನಬೇಕು. ಎರಡೂ ಇಲ್ಲವಾದರೆ ಇಸಿಎಂ ಸತ್ತಿದೆ ಅಂತಲ್ಲ, ಅದಕ್ಕೆ ಕರೆಂಟೇ ತಲುಪದೆ ಇರಬಹುದು. ಫ್ಯೂಸು, ರಿಲೇ, ಕೀ ಸ್ವಿಚ್ಚು, ಕಿಲ್ ಸ್ವಿಚ್ಚು, ಅರ್ತ್ ನೋಡಬೇಕು. ದೀಪ ಹತ್ತಿ ಮಿನುಗುತ್ತಿದ್ದರೆ ಇನ್ನೂ ಒಳ್ಳೆಯದು, ಡಬ್ಬಿ ತನಗೇನು ತೊಂದರೆ ಅಂತ ತಾನೇ ಹೇಳುತ್ತಿದೆ. ಹೋಂಡಾದ ಪಿಜಿಎಂ-ಎಫ್‌ಐನಲ್ಲಿ ಉದ್ದ ಮಿನುಗು ಹತ್ತು, ಗಿಡ್ಡ ಮಿನುಗು ಒಂದು. ಎಂಟು ಗಿಡ್ಡ ಮಿನುಗು ಅಂದರೆ ಥ್ರಾಟಲ್ ಸೆನ್ಸರ್, ಒಂದು ಉದ್ದ ಎರಡು ಗಿಡ್ಡ ಅಂದರೆ 12, ಇಂಜೆಕ್ಟರ್. ಮಾತಾಡುತ್ತಿರುವವನನ್ನು ಸತ್ತ ಅಂತ ಘೋಷಿಸುವುದು ಹೇಗೆ?

ಇಸಿಎಂ ಸೆನ್ಸರುಗಳಿಗೆ ಕೊಡುವ 5 ವೋಲ್ಟ್ ಕೂಡ ಮೋಸ ಮಾಡುತ್ತದೆ. ಆ 5 ವೋಲ್ಟ್ ಕಾಣದಿದ್ದರೆ ಡಬ್ಬಿ ಹೋಗಿದೆ ಅಂತ ತೀರ್ಮಾನಿಸುವವರಿದ್ದಾರೆ. ಒಂದೊಂದೇ ಸೆನ್ಸರಿನ ಸಾಕೆಟ್ ಕಿತ್ತು ನೋಡಿ. ಯಾವುದೋ ಒಂದನ್ನು ಕಿತ್ತಾಗ 5 ವೋಲ್ಟ್ ವಾಪಸ್ ಬಂದರೆ ಆ ಸೆನ್ಸರೋ ಅದರ ವೈರೋ ಶಾರ್ಟ್ ಆಗಿದೆ. ಇಲಿ ಕಡಿದ ವೈರಿನ ಕಥೆಗಳಂತೂ ಅಡಿಕೆ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವರನ್ನು ಕೇಳಬೇಕು. ವಾಟರ್ ಸರ್ವಿಸಿನಲ್ಲಿ ಸೀಟಿನ ಕೆಳಗೆ ಪ್ರೆಷರ್ ಗನ್ ಹಿಡಿದವರಿಂದಲೂ ಇದೇ ಗತಿ. ಬಿಸಿಯಾದಾಗ ಮಾತ್ರ ನಿಲ್ಲುವ ಗಾಡಿಯಲ್ಲಿ ಪಿಕಪ್ ಕಾಯಿಲನ್ನು ತಣ್ಣಗಿದ್ದಾಗ ಒಮ್ಮೆ, ಬಿಸಿ ಇದ್ದಾಗ ಒಮ್ಮೆ ಅಳೆಯಬೇಕು. ಬಿಸಿಗೆ ಅದರ ಒಳಗಿನ ತಂತಿ ಬಿಟ್ಟುಕೊಂಡರೆ ಲಕ್ಷಣ ಥೇಟ್ ಇಸಿಎಂ ಹೋದಂತೆಯೇ.

ಇಷ್ಟಾಗಿಯೂ ಡಬ್ಬಿ ಹೋಗುವುದೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಹೋಗುತ್ತದೆ, ಮತ್ತು ನಮ್ಮ ಕಡೆ ಅದಕ್ಕೆ ನಮ್ಮದೇ ಕಾರಣಗಳಿವೆ. ಬ್ಯಾಟರಿ ಬಿಚ್ಚದೆ ಕ್ಯಾರಿಯರಿಗೋ ಕ್ರ್ಯಾಶ್ ಗಾರ್ಡಿಗೋ ಕರೆಂಟ್ ವೆಲ್ಡಿಂಗ್ ಹೊಡೆಸುವುದು ಒಂದು. ವೆಲ್ಡಿಂಗಿಗೆ ಮೊದಲು ಬ್ಯಾಟರಿ ವೈರು ಕಳಚಿ, ಇಸಿಎಂ ಸಾಕೆಟ್ಟೂ ಎಳೆದಿಡಬೇಕು. ಇನ್ನೊಂದು ರೆಕ್ಟಿಫೈಯರ್ ಕೆಟ್ಟು ಚಾರ್ಜಿಂಗ್ 15 ವೋಲ್ಟ್ ದಾಟಿ ಏರುವುದು. ಅದನ್ನು ಅಳೆಯದೆ ಹೊಸ ಡಬ್ಬಿ ಹಾಕಿದರೆ ಹಳೆಯದನ್ನು ಸುಟ್ಟದ್ದೇ ಹೊಸದನ್ನೂ ಸುಡುತ್ತದೆ.

ಈಗ ಪೆಟ್ರೋಲಿನ ವಿಷಯ. ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಕಬ್ಬು ಬೆಳೆಯುವ ನಮ್ಮವರಿಗೆ ಅದರಿಂದ ಆಗುವ ಅನುಕೂಲವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕ ಲೆಕ್ಕವೇ. ಒಂದು ಪಾಲು ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಶೇ. 20 ಬೆರಕೆಗೆ ಅದು 13.5ರ ಆಸುಪಾಸು. ಅಂದರೆ ಅಷ್ಟೇ ಗಾಳಿಗೆ ಈಗ ಹೆಚ್ಚು ಇಂಧನ ಬಿಡಬೇಕು. ಆಕ್ಸಿಜನ್ ಸೆನ್ಸರ್ ಇರುವ ಗಾಡಿ ಒಂದು ಮಿತಿಯವರೆಗೆ ತಾನೇ ಸರಿಮಾಡಿಕೊಳ್ಳುತ್ತದೆ. ಅದಿಲ್ಲದ ಹಳೇ ಎಫ್‌ಐ ಗಾಡಿ ಹಳೇ ಪಟ್ಟಿಯನ್ನೇ ನೋಡಿ ಅಷ್ಟೇ ಬಿಡುತ್ತದೆ. ಬೆಳಿಗ್ಗೆ ಬೇಗ ಹಿಡಿಯುವುದಿಲ್ಲ, ಆಕ್ಸಿಲೇಟರ್ ತಿರುಗಿಸಿದರೆ ಒಂದು ಕ್ಷಣ ಮುಗ್ಗರಿಸುತ್ತದೆ, ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ. ಈ ಗಾಡಿಗೆ ಹೊಸ ಇಸಿಎಂ ಹಾಕಿದರೆ ಅದರಲ್ಲಿರುವುದೂ ಅದೇ ಹಳೇ ಪಟ್ಟಿ! ದುಡ್ಡು ಹೋಯಿತು, ಮುಗ್ಗರಿಕೆ ಉಳಿಯಿತು. ಚಿಪ್ ಬದಲಿಸಲು, ಅಂದರೆ ಪಟ್ಟಿ ಬದಲಿಸಲು ನ್ಯಾಯವಾದ ಕಾರಣ ಇರುವುದು ಇಂಥ ಗಾಡಿಗಳಿಗೆ, ಅದನ್ನು ಮಾಡಿಕೊಡುವವರು ಮಾತ್ರ ಯಾರೂ ಇಲ್ಲ.

ದಾರಿಯೇ ಇಲ್ಲ ಅಂತಲ್ಲ. ಇಸಿಎಂಗೂ ವೈರಿಂಗಿಗೂ ನಡುವೆ ಕೂತು ಲೆಕ್ಕ ತಿದ್ದುವ ಪಿಗ್ಗಿಬ್ಯಾಕ್ ಡಬ್ಬಿಗಳಿವೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಮಾಡುವ ಪವರ್‌ಟ್ರಾನಿಕ್ ಅಂಥದ್ದು, ಬೈಕು ಹುಚ್ಚಿನ ಹುಡುಗರಿಗೆಲ್ಲ ಗೊತ್ತು. ಇವುಗಳ ಒಳ್ಳೆಯ ಗುಣ, ಬೇಡವೆಂದರೆ ಕಿತ್ತು ಮೊದಲಿನಂತೆ ಮಾಡಬಹುದು. ಅಂಥದ್ದೊಂದು ಹಾಕಿದ ಗಾಡಿ ಕೈಕೊಟ್ಟರೆ ಮೊದಲು ಅದನ್ನು ಕಿತ್ತೇ ದೋಷ ಹುಡುಕಬೇಕು. ಆದರೆ ಅವು ವೇಗ, ಶಕ್ತಿ ಬೇಕೆನ್ನುವವರ ಮಾರುಕಟ್ಟೆಗೆ ಬಂದವು. ಹಾಲು ಹೊರುವ ಹಳೇ 125 ಸಿಸಿ ಗಾಡಿಗೆ ಯಾರು ಮಾಡಿಕೊಡುತ್ತಾರೆ? ಮೇಲಾಗಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ನು ಪೊಲೀಸರು, ಆರ್‌ಟಿಒದವರು ಯಾವ ಬದಲಾವಣೆಗೆ ಹೇಗೆ ಅನ್ವಯಿಸುತ್ತಾರೆ ಅನ್ನುವ ಭಯವೂ ಇದೆ.

ನಮ್ಮ ಬೇಡಿಕೆ ಇರುವುದು ಇಲ್ಲಿಯೇ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳನ್ನೂ ಆ ಪಟ್ಟಿಯಲ್ಲಿಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ಲೂ ಬಂತು. ಆದರೆ ಪೋರ್ಟಲ್ ಇರುವುದು ಬೇರೆ, ಹೋಬಳಿ ಕೇಂದ್ರದ ಗ್ಯಾರೇಜಿನ ಗೋಡೆಯ ಮೇಲೆ ಒಂದು ವೈರಿಂಗ್ ಚಿತ್ರ ಇರುವುದು ಬೇರೆ. ಮಾರಾಟ ನಿಲ್ಲಿಸಿ ವರ್ಷಗಳಾದ ಮಾಡೆಲಿನ ವೈರಿಂಗ್ ಚಿತ್ರ, ಮಿನುಗು ಕೋಡಿನ ಪಟ್ಟಿ, ಇಸಿಎಂನ ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇರಬೇಕು ಅನ್ನುವ ಒಂದು ಪುಟ, ಇದನ್ನು ಬಹಿರಂಗಪಡಿಸಿದರೆ ಕಂಪನಿಗೆ ಏನು ನಷ್ಟ? ಆ ಬೈಕನ್ನು ಅವರು ಇನ್ನು ಮಾರುವುದಿಲ್ಲ. ಶೇ. 20 ಎಥೆನಾಲಿಗೆ ಹೊಂದುವ ಪಟ್ಟಿಯನ್ನು ಹಳೇ ಇಸಿಎಂಗೆ ಬರೆದುಕೊಡುವ ಕೆಲಸವನ್ನೂ ಕಂಪನಿಗಳೇ ಮಾಡಬೇಕು, ಸರ್ಕಾರ ಅದನ್ನು ಕೇಳಬೇಕು. ಇಂಧನ ಬದಲಾಯಿಸಿದ್ದು ಗಾಡಿಯ ಮಾಲೀಕನಲ್ಲ.

ಬೀಗ ತೆಗೆದರೆ ಎಲ್ಲರೂ ಕೈಯಾಡಿಸಿ ಹೊಗೆ ಹೆಚ್ಚಿಸುತ್ತಾರೆ ಅನ್ನುವ ವಾದವಿದೆ. ಅದರಲ್ಲಿ ಸತ್ಯವೂ ಇದೆ, ಊರಿನ ಜಾತ್ರೆಗೆ ಸೈಲೆನ್ಸರ್ ಕಿತ್ತು ಬರುವ ಹುಡುಗರನ್ನು ನಾವೂ ನೋಡಿದ್ದೇವೆ. ಆದರೆ ಓದಲು ಬಿಡುವುದು ಬೇರೆ, ತಿದ್ದಲು ಬಿಡುವುದು ಬೇರೆ. ಇಸಿಎಂ ಒಳಗಿನ ಪಟ್ಟಿಗೆ ಬೀಗ ಇರಲಿ, ಅದು ಏನು ಹೇಳುತ್ತಿದೆ ಅನ್ನುವುದಕ್ಕೆ ಬೀಗ ಯಾಕೆ? ದೋಷ ಗೊತ್ತಾಗದೆ ಮುಗ್ಗರಿಸುತ್ತ ಓಡುವ ಗಾಡಿ ಉಗುಳುವ ಹೊಗೆಯೂ ಹೊಗೆಯೇ ತಾನೆ.

ಇನ್ನೊಂದು, ಇದೆಲ್ಲ ಕನ್ನಡದಲ್ಲಿ ಬರಬೇಕು. ಐಟಿಐಗಳಲ್ಲಿ ಮೆಕ್ಯಾನಿಕ್ ತರಬೇತಿ ಪಡೆಯುವ ಹುಡುಗರೊಂದಿಗೆ ಮಾತಾಡಿದಾಗ ನಮಗೆ ಅನ್ನಿಸಿದ್ದು, ಅವರಿಗೆ ಸೆನ್ಸರ್ ಅರ್ಥವಾಗದೆ ಇಲ್ಲ, ಇಂಗ್ಲಿಷ್ ಮ್ಯಾನುಯಲ್ಲಿನ ವಾಕ್ಯ ಅರ್ಥವಾಗುವುದಿಲ್ಲ. ಪಿನ್, ವೋಲ್ಟ್, ಅರ್ತ್, ಸಾಕೆಟ್, ಎಲ್ಲ ಅವರ ಬಾಯಲ್ಲಿರುವ ಪದಗಳೇ. ಅದೇ ಪದಗಳಲ್ಲಿ ಒಂದು ಮಾಡೆಲಿಗೆ ನಾಲ್ಕು ಪುಟ ಸಾಕು. ನಮ್ಮ ಜಿಲ್ಲೆಗಳಲ್ಲಿ ಹೆಚ್ಚು ಓಡುವ ಹಳೇ ಎಫ್‌ಐ ಮಾಡೆಲುಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೇವೆ. ಒಪ್ಪುವ ಮೆಕ್ಯಾನಿಕ್ಕುಗಳ ಜೊತೆ ಕೂತು ಮೊದಲ ನಾಲ್ಕು ಪುಟ ನಾವೇ ಬರೆಯುತ್ತೇವೆ. ಪಿನ್ನುಗಳ ವೋಲ್ಟ್ ಪಟ್ಟಿಯ ಜಾಗ ಮಾತ್ರ ಖಾಲಿ ಇರುತ್ತದೆ, ಅದನ್ನು ತುಂಬಿಸಿಕೊಡಿ ಅಂತ ಕಂಪನಿಗಳಿಗೆ ಪತ್ರ ಕಳಿಸುತ್ತಿದ್ದೇವೆ.